ತಂಗಿಯ ಸೋಲು

ತಂಗಿ ತನ್ನ ರಾಜನನ್ನು ಮಣೆಯ ಮೇಲೆ ಮಲಗಿಸಿ, "ಸೋತೆ ಕಣೇ ಅಕ್ಕ" ಎಂದಳು. ಚೆಸ್ ಕ್ಲಬ್ಬಿನ ಕಾರ್ಯದರ್ಶಿ ಫಲಿತಾಂಶವನ್ನು ಕಂಪ್ಯೂಟರಿಗೆ ತುಂಬಿದ. ಕಾಯಿಲೆ ಬಿದ್ದು ಎದ್ದ ಮೇಲೆ ಅಕ್ಕನಿಗೆ ಮರೆವು ಅಂಟಿಕೊಂಡಿತ್ತು. ಅವಳ ರೇಟಿಂಗ್ ಅಂಕ ಇನ್ನೊಂದಿಷ್ಟು ಇಳಿದರೆ ಈ ಕ್ಲಬ್ಬಿನ ಕೋಚ್ ಕೆಲಸವೂ ಕೈತಪ್ಪುತ್ತಿತ್ತು.

"ಎಷ್ಟು ಏರ್ತಪ್ಪಾ?" ಅಕ್ಕ ಕೇಳಿದಳು.

"ಏನೂ ಏರ್ಲಿಲ್ಲ ಮೇಡಂ. ನಮಗಿಂತ ತೀರಾ ಕೆಳಗಿರೋರನ್ನ ಗೆದ್ರೆ ಸೊನ್ನೆನೇ. ನಿಮ್ಮ ತಂಗಿ ಸೋತು ಸೋತು ತಳ ಸೇರಿದಾರೆ."

"ಇವಳಾ? ಯಾರ ಹತ್ರ ಸೋತ್ಳು?"

ಅವನು ಪರದೆಯಿಂದ ಕಣ್ಣೆತ್ತಲಿಲ್ಲ. "ಎಲ್ಲಾ ನಿಮ್ಮ ಹತ್ರಾನೇ."

ಅಕ್ಕನ ಮುಖ ಕಪ್ಪಿಟ್ಟಿತು. ಮಲಗಿದ್ದ ರಾಜನನ್ನು ಎತ್ತಿ ಅದೇ ಮನೆಯಲ್ಲಿ ಕುಕ್ಕಿ ನಿಲ್ಲಿಸಿದಳು. "ನನಗೆ ಭಿಕ್ಷೆ ಹಾಕ್ತಿದ್ಯೇನೇ? ನಿನಗೆ ಆಟ ಹೇಳಿಕೊಟ್ಟೋಳು ನಾನು. ಆಡು. ನಿಜವಾಗಿ ಆಡು."

"ಬೇಡ ಬಿಡಕ್ಕಾ."

"ಆಡು ಅಂದೆ!"

ತಂಗಿಯ ಬೆರಳು ರಾಣಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಕೊನೆಗೆ ಅದನ್ನು ಅಕ್ಕನ ರಾಜನ ಮಗ್ಗುಲಿಗೆ ಸರಿಸಿದಳು. ರಾಣಿಗೆ ಕುದುರೆಯ ಕಾವಲಿತ್ತು, ರಾಜನಿಗೆ ಓಡಲು ಒಂದು ಮನೆಯೂ ಉಳಿದಿರಲಿಲ್ಲ. ಆಟ ಅಲ್ಲಿಗೆ ಮುಗಿದಿತ್ತು. ಕಾರ್ಯದರ್ಶಿಗೂ ಅದು ಕಂಡಿತು, ತಲೆ ತಗ್ಗಿಸಿದ.

ಅಕ್ಕ ಗಲ್ಲಕ್ಕೆ ಕೈಯಿಟ್ಟು ಮಣೆಯನ್ನೇ ನೋಡುತ್ತ ಕೂತಳು. ಬಿಗಿದಿದ್ದ ಮುಖ ಮೆಲ್ಲಗೆ ಅರಳಿತು.

"ಹೀಗೆ ಆಡ್ಬೇಕು" ಎಂದು ತೋಳೇರಿಸಿದಳು. "ಈಗ ನೋಡ್ತಿರು, ನಾನೇನು ಮಾಡ್ತೀನಿ ಅಂತ."