ಹೂ ಕಟ್ಟುವ ಗಂಟು

ಎಡಿಸನ್ ಊರಿನ ಭಾರತೀಯ ಅಂಗಡಿಯಲ್ಲಿ ಮಲ್ಲಿಗೆಯ ವಾಸನೆ ಬಂದರೆ ನನಗೆ ಈಗಲೂ ನೆನಪಾಗುವುದು ಟ್ರೌಟ್ ಮೀನು.

ಗಾಳಕ್ಕೆ ಗರಿ, ದಾರ ಸುತ್ತಿ ಮೀನನ್ನು ಸೆಳೆಯುವ ಹುಸಿನೊಣ ಮಾಡುವುದು ಅಪ್ಪನ ದಪ್ಪ ಬೆರಳಿಗೆ ಒಗ್ಗುತ್ತಿರಲಿಲ್ಲ. ಹೂ ಕಟ್ಟುವ ಗಂಟು ಹಾಕಿ ಅಮ್ಮನೇ ಕಟ್ಟಿಕೊಡುತ್ತಿದ್ದಳು. ಹಿಡಿದ ಮೀನನ್ನು ಜೀವಂತ ಬಿಡಬೇಕು ಎಂಬುದು ಅವಳ ಷರತ್ತು. ಅಪ್ಪ ಅಮ್ಮ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದ ಆ ವಾರವೂ ಒಂದು ಕಟ್ಟಿ, “ನಿಮ್ಮಪ್ಪಂಗೆ ಕೊಡು” ಎಂದು ನನ್ನ ಅಂಗೈಯಲ್ಲಿಟ್ಟಳು.

ಅದೇ ವಾರ, ಏಪ್ರಿಲ್ಲಿನ ಒಂದು ಮಧ್ಯಾಹ್ನ. ಹಿಮ ಕರಗಿದ ನೀರು ಬೆಟ್ಟದ ತೊರೆಯಲ್ಲಿ ಅಪ್ಪನ ಮೊಣಕಾಲು ಬಳಸಿ ಹರಿಯುತ್ತಿತ್ತು. ನೊಣ ಬಿಸಿಲಿನಲ್ಲಿ ತೇಲುತ್ತ ತೇಲುತ್ತ ಹೋಗಿ ಮಾಯವಾಯಿತು. ಮೈತುಂಬ ಕೆಂಪು ಚುಕ್ಕೆಯ ಮೀನು ಸಿಕ್ಕಿತ್ತು.

ದಡದ ಬಂಡೆಯಿಂದ ಅಮ್ಮ ಮೆಲ್ಲಗೆ ಹೇಳಿದಳು: “ಕೈ ಒದ್ದೆ ಮಾಡ್ಕೊಂಡು ಹಿಡೀರಿ. ಒಣಗೈ ತಾಗಿದ್ರೆ ಅದಕ್ಕೆ ನೋವಾಗತ್ತೆ.”

ಅವಳಿಗೆ ಅದನ್ನು ಕಲಿಸಿದ್ದು ಅಪ್ಪನೇ.

“ಆಯ್ತು ಕಣೇ” ಎಂದು ಅಪ್ಪ, ಆಗಲೇ ಒದ್ದೆಯಾಗಿದ್ದ ಕೈಗಳನ್ನು ಮತ್ತೊಮ್ಮೆ ನೀರಿನಲ್ಲಿ ಅದ್ದಿದ.