ನಡಿಗೆ ವೇಗದ ಜೀಪು

"ನೆಟ್ಟಗ ಕುಂದರ್ರಿ, ಅಕ್ಕೋರ. ಅಳತಿ ತಪ್ಪಬಾರದು."

ಗಂಗಪ್ಪ ಟೇಪು ಹಿಡಿದು ನಿಂತಿದ್ದ. ಅವನ ಜೀಪಿನ ಹಿಂಭಾಗಕ್ಕೆ ಬೋಲ್ಟು ಹಾಕಿ ಬಿಗಿದ ಕಟ್ಟಿಗೆಯ ಖುರ್ಚಿಯಲ್ಲಿ ಶಿವಬಸವ್ವ ಬೆನ್ನು ನೇರ ಮಾಡಿ ಕುಳಿತಿದ್ದಳು. ಕೇಶ್ವಾಪುರದ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ, ಗಂಡ ತೀರಿ ಆರು ವರ್ಷ, ಮಕ್ಕಳಿಲ್ಲ. ಅಂಥವಳು ಹಾಡುಹಗಲೇ ನೆರೆಮನೆಯ ಗಂಡಸಿನ ಜೀಪು ಹತ್ತಿ ಕುಳಿತರೆ ಗೋಪನಕೊಪ್ಪದ ಓಣಿ ಸುಮ್ಮನಿರುತ್ತದೆಯೇ? ಎದುರುಮನೆಯ ಕಸ್ತೂರೆವ್ವ ಒಣಗಿದ ಸೀರೆಯನ್ನೇ ಮೂರನೆಯ ಸಲ ಒಣಹಾಕುತ್ತಿದ್ದಳು.

"ನನ್ನ ಅಳತಿ ಯಾಕ್ರಿ, ಗಂಗಪ್ಪನವರ?"

"ನಾನೂ ನೀವೂ ಒಂದ ಎತ್ತರ ಅದೀವಿ. ನನ್ನ ಅಳತಿ ನಾನ ಹೆಂಗ ತಗೊಳ್ಳಲಿ?"

ಖುರ್ಚಿಗೆ ಎದೆಯ ಮಟ್ಟದಲ್ಲಿ ಅಗಲವಾದ ತೊಗಲಿನ ಪಟ್ಟಿಯೊಂದಿತ್ತು. ಅದೇಕೆಂದು ಕೇಳಿದಳು.

"ಕುಂತವರು ವಾಲಬಾರದಲ್ರಿ," ಎಂದ ಗಂಗಪ್ಪ.

ಯುದ್ಧ ಮುಗಿದ ಮೇಲೆ ಮಿಲಿಟರಿಯ ಲಿಲಾವಿನಲ್ಲಿ ಕೊಂಡ ಜೀಪು ಅದು. ಅವನೂ ಬರ್ಮಾದಲ್ಲಿ ಅಂಥದೇ ಜೀಪು ಓಡಿಸಿದವನು. ಫೌಜಿನಿಂದ ಬರುವಾಗ ಆಸ್ಪತ್ರೆಯ ಕ್ರಿಶ್ಚಿಯನ್ ನರ್ಸ್ ಒಬ್ಬಳನ್ನು ಮದುವೆಯಾಗಿ ಬಂದ. ಅಣ್ಣತಮ್ಮಂದಿರು ಅಂದೇ ಬಾಗಿಲು ಹಾಕಿಕೊಂಡರು. ಕೊರಳಲ್ಲಿ ಲಿಂಗ ಉಳಿಯಿತು, ಜನ ಉಳಿಯಲಿಲ್ಲ. ನಾಲ್ಕು ವರ್ಷದ ಹಿಂದೆ ಹೆಂಡತಿ ಹೋದಾಗ ಅವಳ ಚರ್ಚಿನವರು ಬಂದು ಮಣ್ಣು ಮಾಡಿದರು. ಅವನ ಕಡೆಯಿಂದ ಒಂದು ನಾಯಿಯೂ ಬರಲಿಲ್ಲ.

ಈ ಅರವತ್ತೆರಡರ ಬೇಸಿಗೆಯಲ್ಲಿ ಅವನಿಗೆ ಹೊಸ ಹುಚ್ಚು ಹಿಡಿಯಿತು. ಗುಜರಿಯಿಂದ ಇನ್ನೊಂದು ಗಿಯರ್‌ಬಾಕ್ಸ್ ಹೊತ್ತು ತಂದು ಜೀಪಿನ ಗಿಯರ್‌ಬಾಕ್ಸಿನ ಬೆನ್ನಿಗೆ ಜೋಡಿಸಿದ. ಹಿಂದಿನ ಗಾಲಿಗೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿದ, ಮುಂದಿನದಕ್ಕೆ ತುಂಡು ಬೆಸೆದು ಉದ್ದ ಮಾಡಿದ. ಲೇಥಿನ ಕೆಲಸವನ್ನೆಲ್ಲ ಅವನ ಗೆಳೆಯ, ವರ್ಕ್‌ಶಾಪಿನ ಕಮರುದ್ದೀನ ಮಾಡಿಕೊಟ್ಟ. ಎರಡು ತಿಂಗಳು ಮೈಕೈ ಗ್ರೀಸು ಮಾಡಿಕೊಂಡು ದುಡಿದು ಆದದ್ದೇನು? ಎರಡೂ ಬಾಕ್ಸನ್ನು ಒಂದನೇ ಗಿಯರಿಗೆ ಹಾಕಿದರೆ ಇಂಜಿನ್ ಗುಡುಗುತ್ತಿತ್ತು, ಗಾಡಿ ಮಾತ್ರ ಆಮೆಯ ಹಾಗೆ ತೆವಳುತ್ತಿತ್ತು. ಪಕ್ಕದಲ್ಲಿ ಮುದುಕಿ ನಡೆದರೂ ಹಿಂದೆ ಬೀಳುವಂತಿರಲಿಲ್ಲ.

"ಮಂದಿ ಗಾಡಿ ಜೋರ ಓಡ್ಲಿ ಅಂತ ಒದ್ದಾಡತಾರ. ನೀವೇನ್ರಿ ಇದು?" ಎಂದು ಶಿವಬಸವ್ವ ನಕ್ಕಿದ್ದಳು.

"ಜೋಡಿ ಬರೋರು ನಡಕೋತ ಬರತಾರಲ್ರಿ. ಗಾಡೀನೂ ನಡದಂಗ ಹೋಗಬೇಕು."

ಕಸ್ತೂರೆವ್ವನಿಗೆ ಅಷ್ಟೇ ಸಾಕಾಯಿತು. "ಮೆರವಣಿಗಿ ಗಾಡಿ ಅದು! ಖುರ್ಚಿ ಬ್ಯಾರೆ ಬಿಗದಾನ. ಉಡಿಕಿ ಮಾಡ್ಕೊಳ್ಳಾಕ ನಿಂತಾನ ನೋಡವಾ, ನಿನ್ನ."

ಗಂಡ ಸತ್ತವಳನ್ನು ಉಡಿಕೆಯಾಗಿ ಮರುಮದುವೆ ಮಾಡಿಕೊಳ್ಳುವುದು ಅವರ ಜನರಲ್ಲಿ ಹೊಸದೇನಲ್ಲ. ಶಿವಬಸವ್ವ ಬಾಯಿಗೆ ಬಂದಂತೆ ಬೈದು ಒಳಗೆ ಹೋದಳು. ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ಒಂದೂವರೆ ರೊಟ್ಟಿಗಾಗಿ ಒಲೆ ಹಚ್ಚಿ ಹಚ್ಚಿ ಅವಳಿಗೆ ಸಾಕಾಗಿತ್ತು. ಶಾಲೆ ಬಿಟ್ಟ ಮೇಲೆ ಮರುದಿನ ಗಂಟೆ ಬಾರಿಸುವವರೆಗೆ ಅವಳೊಂದಿಗೆ ಮಾತಾಡುವ ಒಂದು ಜೀವವೂ ಇರಲಿಲ್ಲ. ಅವನು ಬಾಯಿಬಿಟ್ಟು ಕೇಳಲಿ, ಅಷ್ಟೇ ಅವಳಿಗೆ ಬೇಕಾದದ್ದು.

ರವಿವಾರಕ್ಕೊಮ್ಮೆ ಅವನು ಅವಳಿಗೆ ಜೀಪು ನಡೆಸಲು ಕಲಿಸತೊಡಗಿದ. "ಕಾಲಿಗೆ ಕೆಲಸ ಇಲ್ರಿ. ಎಕ್ಸಲೇಟರ್ ಕೈಯಿಂದ ಎಳದು ಇಟ್ರಾತು. ನೀವು ಸ್ಟೇರಿಂಗ್ ಅಷ್ಟ ಹಿಡೀರಿ." ಜೀಪು ತೆವಳುತ್ತ ಹಳ್ಳದ ಕಡೆ ಹೋಗುತ್ತಿತ್ತು. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆಯುತ್ತಿದ್ದ. ನಡುನಡುವೆ ನಿಂತು, ಮುಖ ಆಚೆ ತಿರುಗಿಸಿ ಉಸಿರು ಬಿಡುತ್ತಿದ್ದ. ಐವತ್ತು ದಾಟಿದರೂ ಇವನಿಗೆ ಎಷ್ಟು ನಾಚಿಕೆಯಪ್ಪಾ ಎಂದು ಅವಳಿಗೆ ನಗು ಬರುತ್ತಿತ್ತು. ಇಷ್ಟು ಸುಖವಾದ ರವಿವಾರಗಳನ್ನು ಅವಳು ಕಂಡದ್ದೇ ಇಲ್ಲ.

ಒಮ್ಮೆ ಕಮರುದ್ದೀನನನ್ನೇ ಕೇಳಿದಳು: "ಮಳಿಗಾಲ ತಡೀತೈತೇನ್ರಿ, ನಿಮ್ಮ ಕೆಲಸ?"

"ಒಂದ ಸಲ ಹೋದ್ರ ಸಾಕು ಅಂತಾನ್ರಿ ಅಂವಾ," ಎಂದು ಕಮರುದ್ದೀನ ಲೇಥಿನ ಕಡೆ ತಿರುಗಿಕೊಂಡ. ಹೌದಲ್ಲ, ಇಂಥದು ಎರಡೆರಡು ಸಲ ಆಗುವುದುಂಟೇ, ಎಂದುಕೊಂಡಳು ಶಿವಬಸವ್ವ.

ಮೃಗಶಿರ ಮಳೆ ಹೊಡೆದು ಎರೆಮಣ್ಣಿನ ದಾರಿ ಕಲಸಿದ ಹಿಟ್ಟಾಯಿತು. ಚಕ್ಕಡಿಗಳು ಹೂತು ನಿಂತವು. ಅಂದು ಸಂಜೆ ಶಿವಬಸವ್ವ ದಡಿಯ ಸೀರೆ ಉಟ್ಟು ಜೀಪು ಹತ್ತಿದಳು. ನಾಲ್ಕೂ ಗಾಲಿ ಕೆಸರು ಕಚ್ಚಿಕೊಂಡು, ಒಂದು ಸಲವೂ ಜಾರದೆ, ನಡಿಗೆಯ ವೇಗದಲ್ಲೇ ಹಳ್ಳ ದಾಟಿ ದಿಬ್ಬ ಏರಿ ನಿಂತವು. ಸ್ಟೇರಿಂಗ್ ಹಿಡಿದವಳು ಅವಳೇ.

ಗಂಗಪ್ಪನ ಕಣ್ಣು ತುಂಬಿದ್ದವು. "ಛಲೋ ನಡಸಿದ್ರಿ, ಅಕ್ಕೋರ. ನಿಮಗ ಒಂದ ಮಾತ ಕೇಳೂದೈತಿ. ಒಲ್ಲೆ ಅನಬ್ಯಾಡ್ರಿ."

ಎದೆ ಹೊಡೆದುಕೊಳ್ಳುವ ಸದ್ದು ಅವನಿಗೂ ಕೇಳೀತೆಂದು ಅವಳಿಗೆ ಭಯವಾಯಿತು. ಎಷ್ಟೋ ದಿನಗಳಿಂದ ಸಿದ್ಧವಾಗಿದ್ದ ಉತ್ತರ ಪ್ರಶ್ನೆಗೂ ಮೊದಲೇ ಬಾಯಿಂದ ಬಿತ್ತು.

"ಒಲ್ಲೆ ಅನ್ನೂದಿಲ್ರಿ. ಏನಿದ್ರೂ ಹೂಂ ಅಂದೇನಿ, ತಿಳ್ಕೋರಿ."

ಗಂಗಪ್ಪ ಎರಡೂ ಕೈ ಜೋಡಿಸಿದ.

"ನನ್ನ ಎದಿ ಕೆಟ್ಟೈತ್ರಿ. ಈ ಮಳಿಗಾಲ ದಾಟೂದಿಲ್ಲ ಅಂದಾರ ಡಾಕ್ಟರು. ಹೆಗಲ ಕೊಡಾಕ ನಮ್ಮ ಮಂದಿ ಬರೂದಿಲ್ಲ. ಡ್ರೈವರ್ ಬೇಕಾದಷ್ಟ ಸಿಗತಾರ, ಆದರ ನನ್ನವರು ಅನ್ನೋರು ಒಬ್ಬರರ ಇರಬೇಕಲ್ರಿ. ನಮ್ಮೊಳಗ ಹೆಣಾ ಕುಂದರ್ಸಿ ಒಯ್ಯೂದು ನಿಮಗ ಗೊತ್ತ ಐತಿ. ಆ ಖುರ್ಚ್ಯಾಗ ನನ್ನ ಕುಂದರ್ಸಿ, ಸ್ಮಶಾನದ ತನಕ ನೀವ ನಡಸ್ರಿ."