ಕಿತ್ತಳೆ ಚುಕ್ಕಿ

ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಎಳೆಯ ಮೇಲೆ ಹಸಿರು ಲೇಸರ್ ಬೀಳುತ್ತಿತ್ತು. ಎಳೆಯಲ್ಲಿ ಬೆರೆಸಿದ್ದ ಬಣ್ಣ, ಅಂದರೆ ಡೈ, ಅದನ್ನು ಹೀರಿ ಹೊಳೆಯುತ್ತಿತ್ತು; ಆ ಹೊಳಪು ಒಳಗೊಳಗೇ ಸಾಗಿ ತುದಿಯಲ್ಲಿ ಕಿತ್ತಳೆ ಚುಕ್ಕಿಯಾಗಿ ಕೂತಿತ್ತು. ಅತಿಥಿಗಳು ಚುಕ್ಕಿ ನೋಡುತ್ತಿದ್ದರು. ಸಂಶೋಧನಾ ವಿದ್ಯಾರ್ಥಿನಿ ತುಂಗಾ ಸ್ವಿಚ್ಚಿನ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತಿದ್ದಳು. ಬೆಳಕು ಬಿದ್ದಷ್ಟು ಹೊತ್ತೂ ಬಣ್ಣ ಸಾಯುತ್ತದೆ. ಹನ್ನೊಂದು ತಿಂಗಳಲ್ಲಿ ಗುಳ್ಳೆಯಿಲ್ಲದೆ ಬಂದ ಎಳೆ ಇದೊಂದೇ. ಸಂಜೆ ಅದರ ಹೊಳಪು ಅಳೆದು ಅಂಕಿಗಳನ್ನು ಫ್ಲಾಪಿಗೆ ಹಾಕಿಕೊಳ್ಳಬೇಕೆಂದು ಮುಟ್ಟದೆ ಇಟ್ಟಿದ್ದಳು.

"ಸರ್, ಡೈ ಸುಟ್ಟುಹೋಗತ್ತೆ. ರೀಡಿಂಗ್ ಇನ್ನೂ ತಗೊಂಡಿಲ್ಲ. ಆಫ್ ಮಾಡ್ಲಾ?" ಎಂದಳು ಕನ್ನಡದಲ್ಲಿ. ಬೇರೆಯವರ ಮುಂದೆ ಒಳಮಾತು ಆಡಲು ಅವಳಿಗೂ ಗೈಡ್ ಹರಿದಾಸರಿಗೂ ಕನ್ನಡವೇ ಅನುಕೂಲ. ಚೆನ್ನೈನ ಆ ಲ್ಯಾಬಿನಲ್ಲಿ ಇನ್ನಾರಿಗೂ ಅದು ಬರದು.

ಹರಿದಾಸರು ನಕ್ಕು ಅತಿಥಿಗಳ ಕಡೆ ತಿರುಗಿ, "ಎಷ್ಟು ಹೊತ್ತು ಬೇಕಾದರೂ ನೋಡಿ ಅಂತಿದ್ದಾಳೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅನುದಾನ ಸಮಿತಿಯ ಹಿರಿಯ ಸದಸ್ಯೆ ಗಿರಿಜಾದೇವಿಯೂ ತಟ್ಟಿದರು. "ಇನ್ನೊರು ಫೋಟೋ ಸಾರ್," ಎಂದು ತಮಿಳಿನಲ್ಲಿ ಇನ್ನೊಂದು ಕೇಳಿದ ಫೋಟೋದವನು. ತುಂಗಾ ಸ್ವಿಚ್ ಒತ್ತಲಿಲ್ಲ. ಅವಳ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಹರಿದಾಸರೇ. ಚುಕ್ಕಿ ಮಸುಕಾಗುತ್ತ ಹೋಗಿ, ಎಲ್ಲರೂ ಕಾಫಿಗೆ ಹೊರಡುವಷ್ಟರಲ್ಲಿ ಇಲ್ಲವಾಯಿತು.

ಗಿರಿಜಾದೇವಿ ಬಾಗಿಲಿನಿಂದ ಹಿಂದಿರುಗಿ ಬಂದು ತುಂಗಾಳ ಭುಜ ಮುಟ್ಟಿದರು.

"ನಮ್ದೂ ದಾವಣಗೆರೆ ಕಡೆನೇನಮ್ಮ," ಎಂದರು ಮೆಲ್ಲಗೆ. "ಎಷ್ಟು ದಿನ ಆಗಿತ್ತು, ಕನ್ನಡ ಕಿವಿಗೆ ಬಿದ್ದು."